ಡ್ರೈ ಟ್ರ್ಯಾಕ್ ಇದೆಯೆಂದು ಹೇಗೋ ನುಡಿಸಿದರೆ ಸಾಲದು

ಸಂಪಾದಕರಿಗೆ,

ಮಾನ್ಯರೇ,

ಮನೆಯಲ್ಲೇ ಸಂಗೀತವನ್ನು ಧ್ವನಿಮುದ್ರಿಸಿಕೊಳ್ಳುವವರಿಗಾಗಿ ತಮ್ಮ ಪತ್ರಿಕೆ ಈಚೆಗೆ ಪ್ರಕಟಿಸಿದ ಲೇಖನವನ್ನು ಆಸಕ್ತಿಯಿಂದ ಓದಿದೆ. ಎಲೆಕ್ಟ್ರಿಕ್ ಗಿಟಾರನ್ನು, ನಾದದ ಬಣ್ಣ ಬದಲಿಸುವ ಯಾವ ಎಫೆಕ್ಟೂ ಇಲ್ಲದೆ ನೇರವಾಗಿ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಂಡು, ಆಮೇಲೆ ಆ ಡ್ರೈ ಟ್ರ್ಯಾಕನ್ನು ಹೊರಗೆ ಕಳಿಸಿ, ಆಂಪ್ಲಿಫೈಯರ್ (ಆಂಪ್) ಅಥವಾ ಎಫೆಕ್ಟ್ ಕೊಡುವ ಪೆಡಲಿನ ಮೂಲಕ ಹಾಯಿಸಿ ಮತ್ತೊಮ್ಮೆ ರೆಕಾರ್ಡ್ ಮಾಡುವ ರೀಆಂಪಿಂಗ್ ವಿಧಾನದ ಬಗ್ಗೆ ಅದರಲ್ಲಿ ಒಂದು ಪ್ಯಾರಾ ಇತ್ತು. ಇದು ದೊಡ್ಡ ಸ್ಟುಡಿಯೊಗಳಿಗಷ್ಟೇ ಕೈಗೆಟಕುವ ಕೆಲಸ ಎಂಬುದು ಆ ಪ್ಯಾರಾದ ಒಂದು ಮಾತು. ನಾದವನ್ನು ಆಮೇಲೆ ಹೇಗೆ ಬೇಕಾದರೂ ಮಾಡಿಕೊಳ್ಳಬಹುದಾದ್ದರಿಂದ ಮೊದಲು ಹೇಗೋ ನುಡಿಸಿಟ್ಟರೆ ಸಾಕು ಎಂಬುದು ಇನ್ನೊಂದು. ಮೊದಲನೆಯದು ಈಗ ನಿಜವಲ್ಲ. ಎರಡನೆಯದು ಎಂದೂ ನಿಜವಾಗಿರಲಿಲ್ಲ. ಬೇರೆಯವರು ನುಡಿಸಿದ ಗಿಟಾರ್ ಟ್ರ್ಯಾಕುಗಳನ್ನು ಮಿಕ್ಸ್ ಮಾಡುವುದೇ ನನ್ನ ದಿನನಿತ್ಯದ ಕೆಲಸವಾದ್ದರಿಂದ, ಈ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಲು ಅವಕಾಶ ಕೋರುತ್ತೇನೆ.

ರೀಆಂಪಿಂಗ್ ದೊಡ್ಡವರ ಕೆಲಸವೆಂಬ ಹೆಸರು ಪಡೆದದ್ದಕ್ಕೆ ಕಾರಣವಿತ್ತು. ಮಿಕ್ಸರ್ ಅಥವಾ, ಕಂಪ್ಯೂಟರಿಗೆ ಸ್ವರವನ್ನು ಒಳಗೂ ಹೊರಗೂ ಹಾಯಿಸುವ ಆಡಿಯೊ ಇಂಟರ್‌ಫೇಸಿನಿಂದ ಹೊರಬರುವ ಲೈನ್ ಸಿಗ್ನಲ್‌ಗೂ ಗಿಟಾರಿನಿಂದ ಹೊರಡುವ ಸಿಗ್ನಲ್‌ಗೂ ಬಹಳ ಅಂತರವಿದೆ. ವೃತ್ತಿಪರ ಲೈನ್ ಲೆವೆಲ್ ಎಂದರೆ ಸುಮಾರು 1.23 ವೋಲ್ಟ್, ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಗಿಟಾರಿನ ಸಾಧಾರಣ ಪಿಕಪ್ ಕೊಡುವುದು ಅದಕ್ಕಿಂತ ಎಷ್ಟೋ ಕಡಿಮೆ, ತಂತಿಯನ್ನು ಗಟ್ಟಿಯಾಗಿ ಮೀಟಿದ ಕ್ಷಣದಲ್ಲಷ್ಟೇ ಅದು ಮೇಲಕ್ಕೆ ಜಿಗಿಯುತ್ತದೆ. ಪಿಕಪ್ಪಿನ ಇಂಪಿಡೆನ್ಸ್, ಎಂದರೆ ಸಿಗ್ನಲ್‌ಗೆ ಒಡ್ಡುವ ವಿದ್ಯುತ್ ತಡೆ, ಸಾವಿರಾರು ಓಮ್‌ಗಳಲ್ಲಿದ್ದರೆ ಲೈನ್ ಔಟ್‌ಪುಟ್ಟಿನದು ಅದರ ಮುಂದೆ ತೀರಾ ಚಿಕ್ಕದು. ಮೇಲಾಗಿ ಲೈನ್ ಸಿಗ್ನಲ್ ಬ್ಯಾಲೆನ್ಸ್ಡ್ (ಹೊರಗಿನ ಗದ್ದಲ ಸೇರದಂತೆ ಎರಡು ತಂತಿಗಳಲ್ಲಿ ಸಾಗುವಂಥದು), ಗಿಟಾರಿನದು ಅಲ್ಲ. ಈ ಮೂರನ್ನೂ ಸರಿದೂಗಿಸುವ ಪೆಟ್ಟಿಗೆಯೊಂದನ್ನು ಜಾನ್ ಕ್ಯುನಿಬರ್ಟಿ ಎಂಬ ಅಮೆರಿಕದ ರೆಕಾರ್ಡಿಂಗ್ ಎಂಜಿನಿಯರ್ 1990ರ ದಶಕದ ಮೊದಲ ಭಾಗದಲ್ಲಿ ರೀಆಂಪ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದರು. ಆ ಹೆಸರು ಮುಂದೆ ರೇಡಿಯಲ್ ಎಂಜಿನಿಯರಿಂಗ್ ಕಂಪನಿಯ ಪಾಲಾಯಿತು. ಜನರ ಬಾಯಲ್ಲಿ ಇಡೀ ವಿಧಾನಕ್ಕೇ ಅದು ನಿಂತುಬಿಟ್ಟಿತು. ಆದರೆ ಪೆಟ್ಟಿಗೆಯೊಂದಿದ್ದರೆ ಮುಗಿಯುತ್ತಿರಲಿಲ್ಲ. ಆಂಪ್, ಸ್ಪೀಕರ್ ಕ್ಯಾಬಿನೆಟ್, ಅದರ ಮುಂದೆ ನಿಲ್ಲಿಸುವ ಮೈಕು, ಅಷ್ಟು ಜೋರಾದ ಸದ್ದನ್ನು ನೆರೆಹೊರೆಗೆ ಬಿಡದ ಕೋಣೆ, ಇಷ್ಟೂ ಬೇಕಾಗುತ್ತಿತ್ತು.

ಇಂದಿನ ಮಲ್ಟಿ ಎಫೆಕ್ಟ್ಸ್ ಪೆಡಲಿನಲ್ಲಿ ಆಂಪ್, ಕ್ಯಾಬಿನೆಟ್, ಮೈಕುಗಳ ಡಿಜಿಟಲ್ ಮಾದರಿಗಳೆಲ್ಲ ಒಳಗೇ ಇರುತ್ತವೆ. ಅಭ್ಯಾಸಕ್ಕೂ ವೇದಿಕೆಗೂ ಬಳಸುವ ಅದೇ ಪೆಡಲು ರೀಆಂಪಿಂಗಿಗೂ ಸಾಕು. ಹಲವು ಪೆಡಲುಗಳಲ್ಲಿ ಒಂದು ಯುಎಸ್‌ಬಿ ಕೇಬಲ್ ಬಿಟ್ಟರೆ ಬೇರೇನೂ ಬೇಡ. ಉದಾಹರಣೆಗೆ, 2015ರಲ್ಲಿ ಬಂದ ಲೈನ್ 6 ಕಂಪನಿಯ ಹೀಲಿಕ್ಸ್ ಪೆಡಲನ್ನು ಕಂಪ್ಯೂಟರಿಗೆ ಜೋಡಿಸಿದರೆ ಎಫೆಕ್ಟ್ ಸೇರಿದ ಸ್ವರ ಯುಎಸ್‌ಬಿ 1 ಮತ್ತು 2ನೇ ಚಾನೆಲ್‌ಗಳಲ್ಲಿ ಬರುತ್ತದೆ. ಪೆಡಲಿನೊಳಗಿನ ಯಾವ ಎಫೆಕ್ಟನ್ನೂ ಮುಟ್ಟದ ಡ್ರೈ ಸಿಗ್ನಲ್ 7 ಮತ್ತು 8ರಲ್ಲಿ ಸದಾ ಸಿದ್ಧವಿರುತ್ತದೆ. ಎರಡನ್ನೂ ಒಂದೇ ಸಲಕ್ಕೆ ರೆಕಾರ್ಡ್ ಮಾಡಿಕೊಳ್ಳಬಹುದು. ಆಮೇಲೆ ಡ್ರೈ ಟ್ರ್ಯಾಕಿನ ಔಟ್‌ಪುಟ್ಟನ್ನು ಯುಎಸ್‌ಬಿ 3 ಅಥವಾ 4ಕ್ಕೆ ತಿರುಗಿಸಿ, ಪೆಡಲಿನ ಇನ್‌ಪುಟ್ ಬ್ಲಾಕಿನಲ್ಲಿ ಗಿಟಾರಿನ ಬದಲು ಯುಎಸ್‌ಬಿ 3/4 ಎಂದು ಆರಿಸಿದರೆ, ಪೆಡಲಿನ ಮಟ್ಟಿಗೆ ಗಿಟಾರು ಮತ್ತೆ ನುಡಿಯತೊಡಗಿದಂತೆಯೇ ಸರಿ. ಬೇರೆ ಕಂಪನಿಗಳ ದೊಡ್ಡ ಪೆಡಲುಗಳಲ್ಲೂ ಚಾನೆಲ್ ಸಂಖ್ಯೆಗಳು ಬೇರೆಯಾದರೂ ಇಂಥದೇ ವ್ಯವಸ್ಥೆ ಇದೆ. ಹಾಡು ನಾಲ್ಕು ನಿಮಿಷದ್ದಾದರೆ ರೀಆಂಪಿಂಗಿಗೂ ನಾಲ್ಕೇ ನಿಮಿಷ. ಆ ಹೊತ್ತಿನಲ್ಲಿ ಎರಡೂ ಕೈ ಖಾಲಿಯಿರುವುದರಿಂದ, ನುಡಿಸುತ್ತಾ ಎಂದೂ ಮುಟ್ಟಲಾಗದ ನಾಬ್‌ಗಳನ್ನು ಸ್ವರ ಹರಿಯುತ್ತಿರುವಾಗಲೇ ತಿರುಗಿಸುವ ಸುಖವೂ ಉಂಟು. ಸ್ವರವನ್ನು ‘ವಾ’ ಎನ್ನಿಸುವ ವಾ ಪೆಡಲನ್ನು ಪಾದದ ಬದಲು ಕೈಯಿಂದ ಒತ್ತಿ ಬೇಕಾದ ಜಾಗದಲ್ಲಿ ಕೂದಲೆಳೆಯಷ್ಟು ತೆರೆಯುವವರನ್ನೂ ನೋಡಿದ್ದೇನೆ.

ಯುಎಸ್‌ಬಿ ದಾರಿಯ ನಿಜವಾದ ಲಾಭ ಕೇಬಲ್ ಉಳಿತಾಯಕ್ಕಿಂತ ದೊಡ್ಡದು. ಡ್ರೈ ಸಿಗ್ನಲ್ ಯಾವ ಲೆವೆಲ್‌ನಲ್ಲಿ ಪೆಡಲಿನಿಂದ ಹೊರಟಿತೋ ಅದೇ ಲೆವೆಲ್‌ನಲ್ಲಿ ಪೆಡಲಿಗೆ ಮರಳುತ್ತದೆ, ನಡುವೆ ಸದ್ದನ್ನು ಏರಿಸಿ ಇಳಿಸುವ ಯಾವ ಫೇಡರನ್ನೂ ಅಲುಗಿಸದಿದ್ದರೆ. ರೀಆಂಪಿಂಗಿನಲ್ಲಿ ಅತಿ ಹೆಚ್ಚು ಕೆಡುವುದು ಈ ಲೆವೆಲ್ ವಿಷಯವೇ. ಸ್ವಚ್ಛವಾದ ಸ್ವರವಾದರೆ ಸಿಗ್ನಲ್ ತುಸು ಕಡಿಮೆಯಾದರೆ ಸದ್ದು ಕಡಿಮೆಯಾಗುತ್ತದೆ, ಅಷ್ಟೆ. ಫೇಡರ್ ಏರಿಸಿದರೆ ಸರಿಹೋಗುತ್ತದೆ. ಓವರ್‌ಡ್ರೈವ್, ಡಿಸ್ಟಾರ್ಷನ್‌ಗಳ ಸ್ವಭಾವ ಹಾಗಲ್ಲ. ಒಳಬರುವ ಸಿಗ್ನಲ್ ಎಷ್ಟು ಎತ್ತರಕ್ಕೆ ಏರುತ್ತದೆ ಎಂಬುದರ ಮೇಲೆ ಅವು ಎಷ್ಟು ಕತ್ತರಿಸಬೇಕು, ಎಷ್ಟು ಒರಟಾಗಬೇಕು ಎಂಬುದು ನಿಂತಿದೆ. 6 ಡೆಸಿಬಲ್ ಹೆಚ್ಚಾಯಿತೆಂದರೆ ವೋಲ್ಟೇಜ್ ಎರಡರಷ್ಟಾಯಿತು. ಅಂಚಿನಲ್ಲಿ ಮೆಲ್ಲಗೆ ಒಡೆಯಬೇಕಿದ್ದ ಆಂಪ್ ಮಾದರಿ ಆಗ ಪೂರ್ತಿ ಗರಗರ ಎನ್ನುತ್ತದೆ. ಪ್ರೀಸೆಟ್ (ಪೆಡಲಿನಲ್ಲಿ ಉಳಿಸಿಟ್ಟ ನಾದದ ಹೊಂದಿಕೆ) ಒಂದೇ, ಗಿಟಾರು ಒಂದೇ, ನುಡಿಸಿದ್ದೂ ಒಂದೇ; ಆದರೂ ನಾದ ಬೇರೆ ಏಕೆಂದು ತಲೆ ಕೆರೆದುಕೊಳ್ಳುವವರು ಮೊದಲು ಇಲ್ಲಿ ಹುಡುಕಬೇಕು. ಯುಎಸ್‌ಬಿ ದಾರಿಯಲ್ಲೂ ಒಂದು ಕಳ್ಳಗಿಂಡಿ ಇದೆ. ಕೆಲವು ಸಾಫ್ಟ್‌ವೇರುಗಳು ಒಂದೇ ಚಾನೆಲಿನ ಮಾನೋ ಟ್ರ್ಯಾಕನ್ನು ಸ್ಟೀರಿಯೊ ಔಟ್‌ಪುಟ್ಟಿನ ನಡುವಿಗೆ ಪ್ಯಾನ್ ಮಾಡಿ ನಿಲ್ಲಿಸಿದಾಗ ಎಡಬಲ ಎರಡನ್ನೂ ಸುಮಾರು 3 ಡೆಸಿಬಲ್ ತಗ್ಗಿಸಿ ಕಳಿಸುತ್ತವೆ. ಫೇಡರ್ ಸೊನ್ನೆಯಲ್ಲೇ ನಿಂತಿರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಡ್ರೈ ಟ್ರ್ಯಾಕನ್ನು ಸ್ಟೀರಿಯೊ ಜೋಡಿಗೆ ಕೊಡದೆ ಒಂದೇ ಮಾನೋ ಔಟ್‌ಪುಟ್ಟಿಗೆ ಕೊಟ್ಟರೆ ಈ ತೊಂದರೆ ಬರದು.

ಎಲ್ಲ ಪೆಡಲುಗಳಲ್ಲೂ ಈ ಸೌಕರ್ಯವಿಲ್ಲ ಎಂಬುದನ್ನೂ ಹೇಳಬೇಕು. ಕೆಲವು ಚಿಕ್ಕ ಪೆಡಲುಗಳು ಯುಎಸ್‌ಬಿಯಲ್ಲಿ ಎಫೆಕ್ಟ್ ಸೇರಿದ ಸ್ವರವನ್ನಷ್ಟೇ ಕೊಡುತ್ತವೆ. ಕಂಪ್ಯೂಟರಿನಿಂದ ಮರಳಿದ್ದನ್ನು ಎಫೆಕ್ಟುಗಳ ಮೂಲಕ ಹಾಯಿಸದೆ ನೇರವಾಗಿ ಹೆಡ್‌ಫೋನಿಗೆ ಬಿಡುತ್ತವೆ. ಕೊಳ್ಳುವ ಮೊದಲೇ ಕೈಪಿಡಿಯಲ್ಲಿರುವ ಸಿಗ್ನಲ್ ದಾರಿಯ ಚಿತ್ರವನ್ನು ನೋಡಿದರೆ ಇದು ಗೊತ್ತಾಗುತ್ತದೆ. ಅಂಥ ಪೆಡಲು ಕೈಯಲ್ಲಿದ್ದರೆ ಹಳೆಯ ದಾರಿಯೇ ಗತಿ: ಇಂಟರ್‌ಫೇಸಿನ ಲೈನ್ ಔಟ್‌ಪುಟ್ಟಿನಿಂದ ಪೆಡಲಿನ ಗಿಟಾರ್ ಇನ್‌ಪುಟ್ಟಿಗೆ, ಪೆಡಲಿನ ಔಟ್‌ಪುಟ್ಟಿನಿಂದ ಇಂಟರ್‌ಫೇಸಿನ ಲೈನ್ ಇನ್‌ಪುಟ್ಟಿಗೆ. ಇಲ್ಲಿ ರೀಆಂಪ್ ಪೆಟ್ಟಿಗೆ ಬೇಕೇಬೇಕೇ ಎಂದು ಬಹಳ ಜನ ಕೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ, ಇದ್ದರೆ ಒಳ್ಳೆಯದು, ಇಲ್ಲವೆಂದು ಕೆಲಸ ನಿಲ್ಲಿಸಬೇಕಾಗಿಲ್ಲ. ಮಲ್ಟಿ ಎಫೆಕ್ಟ್ಸ್ ಪೆಡಲಿನ ಇನ್‌ಪುಟ್ ಸಾಮಾನ್ಯವಾಗಿ 10 ಲಕ್ಷ ಓಮ್‌ನ ಆಸುಪಾಸಿನ ಇಂಪಿಡೆನ್ಸ್ ಉಳ್ಳದ್ದಾಗಿದ್ದು, ತನಗೆ ಸಿಗ್ನಲ್ ಕೊಡುತ್ತಿರುವುದು ಪಿಕಪ್ಪೋ ಲೈನ್ ಔಟ್‌ಪುಟ್ಟೋ ಎಂಬುದನ್ನು ಅದು ಅಷ್ಟಾಗಿ ಲೆಕ್ಕಿಸುವುದಿಲ್ಲ. ಲೆವೆಲ್ಲನ್ನು ಮಾತ್ರ ಸಾಕಷ್ಟು ತಗ್ಗಿಸಿ ಕಳಿಸಬೇಕು. ಪೆಟ್ಟಿಗೆಯ ಅಗತ್ಯ ನಿಜವಾಗಿ ಕಾಣುವುದು ಹಮ್ ಬಂದಾಗ. ಕಂಪ್ಯೂಟರ್, ಇಂಟರ್‌ಫೇಸ್, ಪೆಡಲು ಇವೆಲ್ಲ ಬೇರೆ ಬೇರೆ ಪ್ಲಗ್ಗುಗಳಿಂದ ಅರ್ತ್ ಪಡೆದು ಒಂದಕ್ಕೊಂದು ಕೇಬಲ್ಲಿನಲ್ಲೂ ಜೋಡಿಯಾದಾಗ ಹುಟ್ಟುವ ಆ ಗುಂಯ್‌ಗುಡುವಿಕೆಯನ್ನು ಪೆಟ್ಟಿಗೆಯೊಳಗಿನ ಟ್ರಾನ್ಸ್‌ಫಾರ್ಮರ್ ಕಡಿದುಹಾಕುತ್ತದೆ. ಹಮ್ಮನ್ನು ತಪ್ಪಿಸಲೆಂದು ವಿದ್ಯುತ್ ಪ್ಲಗ್ಗಿನ ಅರ್ತ್ ಪಿನ್ನನ್ನೇ ಕೀಳುವವರಿದ್ದಾರೆ; ಅದು ಜೀವಕ್ಕೇ ಅಪಾಯ, ಯಾರೂ ಮಾಡಬಾರದು.

ಈ ದಾರಿಯಲ್ಲಿ ಲೆವೆಲ್ ಹೊಂದಿಸುವುದಕ್ಕೆ ಅಳತೆಯ ಉಪಕರಣವೇನೂ ಬೇಡ. ಗಿಟಾರನ್ನು ಮೊದಲು ನೇರವಾಗಿ ಪೆಡಲಿಗೆ ಸಿಕ್ಕಿಸಿ, ಡಿಸ್ಟಾರ್ಷನ್ ಇಲ್ಲದ ಖಾಲಿ ಪ್ರೀಸೆಟ್ ಇಟ್ಟು, ಎಲ್ಲಕ್ಕಿಂತ ದಪ್ಪ ತಂತಿಯನ್ನು ನುಡಿಸುವಾಗಿನಷ್ಟೇ ಗಟ್ಟಿಯಾಗಿ ಮೀಟಿ, ಇಂಟರ್‌ಫೇಸಿಗೆ ಮರಳಿ ಬರುವ ಸ್ವರ ಮೀಟರಿನಲ್ಲಿ ಎಲ್ಲಿಯವರೆಗೆ ಏರುತ್ತದೆ ಎಂದು ಗುರುತು ಹಾಕಿಕೊಳ್ಳಬೇಕು. ಬಳಿಕ ಅದೇ ಗಿಟಾರಿನಲ್ಲಿ ಅದೇ ಬಲದಿಂದ ಮೀಟಿದ ಡ್ರೈ ರೆಕಾರ್ಡಿಂಗನ್ನು ಪೆಡಲಿಗೆ ಕಳಿಸಿ, ಮೀಟರು ಅದೇ ಗುರುತನ್ನು ಮುಟ್ಟುವವರೆಗೆ ಕಳಿಸುವ ಲೆವೆಲ್ಲನ್ನು ಏರಿಸಿ ಇಳಿಸಿ ನಿಲ್ಲಿಸಬೇಕು. ಅಲ್ಲಿಂದ ಮುಂದೆ ಆ ನಾಬನ್ನು ಮುಟ್ಟಬಾರದು. ಸಿಗ್ನಲ್ಲನ್ನು ಎಷ್ಟು ಹಿಗ್ಗಿಸಬೇಕೆಂದು ಗೊತ್ತುಮಾಡುವ ಇಂಟರ್‌ಫೇಸಿನ ಗೇನ್ ನಾಬಿಗೂ ಇದೇ ಮಾತು. ಡ್ರೈ ಟ್ರ್ಯಾಕನ್ನು 24 ಬಿಟ್‌ನಲ್ಲಿ, ಅತಿ ಜೋರಾದ ಮೀಟು ಮೈನಸ್ 12 ಡೆಸಿಬಲ್‌ನ ಸುತ್ತ ನಿಲ್ಲುವಂತೆ ತೆಗೆದುಕೊಂಡರೆ ಸಾಕಷ್ಟು ಜಾಗ ಉಳಿಯುತ್ತದೆ. ಸೊನ್ನೆ ಮುಟ್ಟಿ ತಲೆ ಕತ್ತರಿಸಿಹೋದ ಡ್ರೈ ಟ್ರ್ಯಾಕನ್ನು ಯಾವ ಪೆಡಲೂ ಉಳಿಸಲಾರದು. ಇನ್ನೊಂದು ಎಚ್ಚರಿಕೆ: ಪೆಡಲಿನಿಂದ ಬಂದದ್ದನ್ನು ರೆಕಾರ್ಡ್ ಮಾಡಿಕೊಳ್ಳುತ್ತಿರುವ ಹೊಸ ಟ್ರ್ಯಾಕಿನ ಔಟ್‌ಪುಟ್ ಕೂಡ ಪೆಡಲಿಗೆ ಹೋಗುವ ದಾರಿಗೇ ಸೇರಿಕೊಂಡಿದ್ದರೆ, ಸ್ವರ ಸುತ್ತು ಹೊಡೆದು ಕ್ಷಣಾರ್ಧದಲ್ಲಿ ಕಿರುಚುತ್ತದೆ. ಹೆಡ್‌ಫೋನ್ ಕಿವಿಯ ಮೇಲಿದ್ದಾಗ ಅದು ತಮಾಷೆಯ ವಿಷಯವಲ್ಲ.

ಇನ್ನು ಲೇಖನದ ಎರಡನೆಯ ಮಾತಿಗೆ ಬರುತ್ತೇನೆ; ಈ ಪತ್ರ ಬರೆಯಲು ಮುಖ್ಯ ಕಾರಣವೂ ಅದೇ. ಡ್ರೈ ಟ್ರ್ಯಾಕ್ ಕೈಯಲ್ಲಿದ್ದರೆ ಯಾವ ಆಂಪ್, ಎಷ್ಟು ಗೇನ್, ಎಷ್ಟು ರಿವರ್ಬ್ ಎಂಬ ತೀರ್ಮಾನವನ್ನು ಮುಂದಕ್ಕೆ ಹಾಕಬಹುದು. ಮುಂದಕ್ಕೆ ಹಾಕಲು ಆಗುವುದು ಅಷ್ಟೇ. ಬೆರಳು ಏನು ಮಾಡಿತು ಎಂಬುದು ಮೀಟಿದ ಕ್ಷಣದಲ್ಲೇ ತೀರ್ಮಾನವಾಗಿಹೋಗಿರುತ್ತದೆ, ಮತ್ತು ಬೆರಳು ಏನು ಮಾಡುತ್ತದೆ ಎಂಬುದು ಆ ಹೊತ್ತಿನಲ್ಲಿ ಕಿವಿಗೆ ಏನು ಕೇಳುತ್ತಿತ್ತು ಎಂಬುದನ್ನು ಅವಲಂಬಿಸಿರುತ್ತದೆ. ಹೆಡ್‌ಫೋನಿನಲ್ಲಿ ಒಣಕಲು ಡ್ರೈ ಸ್ವರವನ್ನೇ ಕೇಳುತ್ತಾ ನುಡಿಸಿದವರ ಟ್ರ್ಯಾಕುಗಳಲ್ಲಿ ಒಂದು ಲಕ್ಷಣ ಮತ್ತೆ ಮತ್ತೆ ಕಾಣುತ್ತದೆ. ಡಿಸ್ಟಾರ್ಷನ್ ಇದ್ದಾಗ ಸ್ವರ ತಾನೇ ಹಿಗ್ಗಿ ಉದ್ದಕ್ಕೆ ನಿಲ್ಲುತ್ತದೆ; ಡ್ರೈ ಸ್ವರ ಮೀಟಿದೊಡನೆ ಸಾಯತೊಡಗುತ್ತದೆ. ಅದನ್ನು ಬದುಕಿಸಿಡಲು ವಾದಕರು ಅಗತ್ಯಕ್ಕಿಂತ ಜೋರಾಗಿ ಮೀಟುತ್ತಾರೆ, ಜೋರಾಗಿ ಮೀಟಿದ ತಂತಿಯ ಶ್ರುತಿ ಮೊದಲ ಕ್ಷಣದಲ್ಲಿ ತುಸು ಮೇಲಕ್ಕೆ ಜಾರುತ್ತದೆ. ಉದ್ದನೆಯ ಸ್ವರ ಹೇಗೂ ಮುಗಿಯಿತೆಂದುಕೊಂಡು ಬೆರಳನ್ನು ಬೇಗ ಎತ್ತಿಬಿಡುತ್ತಾರೆ, ಕಂಪನವನ್ನು ಅರ್ಧಕ್ಕೇ ಬಿಡುತ್ತಾರೆ. ಆಮೇಲೆ ಇದನ್ನು ಜೋರು ಗೇನ್‌ನ ಪ್ರೀಸೆಟ್ಟಿನಲ್ಲಿ ಹಾಯಿಸಿದರೆ, ಹಾಡಬೇಕಾದ ಸ್ವರ ಎರಡು ಮಾತ್ರೆ ಮೊದಲೇ ತುಂಡಾಗಿರುವುದು ಎದ್ದು ಕೇಳುತ್ತದೆ. ಎತ್ತಿದ ಬೆರಳನ್ನು ಯಾವ ಎಫೆಕ್ಟೂ ಮತ್ತೆ ತಂತಿಯ ಮೇಲೆ ಇಡುವುದಿಲ್ಲ.

ತಂತಿಗಳನ್ನು ಅಂಗೈಯಿಂದ ಅದುಮಿ ನುಡಿಸುವ ಲಯದ ಭಾಗಗಳಲ್ಲಿ ಇದರ ತಿರುಗುಮುರುಗು ಆಗುತ್ತದೆ. ಪರದೆಯ ಮೇಲೆ ಡ್ರೈ ಟ್ರ್ಯಾಕನ್ನು ಹಿಗ್ಗಿಸಿ ನೋಡಿದರೆ ಪ್ರತಿ ಮೀಟಿಗೂ ಒಂದು ಚೂಪಾದ ತಲೆ, ಅದರ ಹಿಂದೆ ಇಳಿದುಹೋಗುವ ಬಾಲ, ನಡುವೆ ನೇರ ಗೆರೆಯಂಥ ಮೌನ ಕಾಣುತ್ತದೆ. ಡಿಸ್ಟಾರ್ಷನ್ ಸೇರಿದ ಟ್ರ್ಯಾಕಿನಲ್ಲಿ ಇವೆಲ್ಲ ಒಂದೇ ದಪ್ಪ ಪಟ್ಟಿಯಾಗಿ ಕೂಡಿಕೊಳ್ಳುತ್ತವೆ. ತಾಳಕ್ಕೆ ಹಿಂದೆ ಬಿದ್ದ ಮೀಟನ್ನು ಗುರುತಿಸಿ ಕತ್ತರಿಸಿ ಸರಿಸುವುದು ಡ್ರೈ ಟ್ರ್ಯಾಕಿನಲ್ಲಿ ಬಹಳ ಸುಲಭ. ಇದು ಈ ವಿಧಾನದ ದೊಡ್ಡ ಉಪಕಾರ, ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ನೇರ ಗೆರೆ ನಿಜವಾಗಿ ಮೌನವಲ್ಲ. ಅದುಮದೆ ಬಿಟ್ಟ ಪಕ್ಕದ ತಂತಿಯ ಅನುರಣನ, ಬೆರಳು ಜಾರುವ ಸರಸರ, ಫ್ರೆಟ್ಟಿಗೆ ತಾಗಿದ ತಂತಿಯ ಝರಝರ, ಸಿಂಗಲ್ ಕಾಯಿಲ್ ಪಿಕಪ್ಪಿನ ಹಮ್ ಎಲ್ಲವೂ ಅಲ್ಲಿ ಅಡಗಿವೆ. ಡ್ರೈ ಸ್ವರದಲ್ಲಿ ಕಿವಿಗೇ ಬೀಳದ ಇವನ್ನು ಡಿಸ್ಟಾರ್ಷನ್ ಎತ್ತಿ ಮುಂದಕ್ಕೆ ತರುತ್ತದೆ, ಏಕೆಂದರೆ ಅದು ಜೋರಾದುದನ್ನು ಕತ್ತರಿಸಿ ಸಣ್ಣದನ್ನು ಹಿಗ್ಗಿಸುವ ಯಂತ್ರ. ಆ ನಾದವನ್ನು ಕೇಳುತ್ತಾ ನುಡಿಸಿದವರು ಆ ಕ್ಷಣವೇ ಎಡಗೈ ಬೆರಳಿನಿಂದ ತಂತಿಯನ್ನು ಅದುಮುತ್ತಿದ್ದರು. ಕೇಳದವರಿಗೆ ಅದರ ಅಗತ್ಯವೇ ತೋರುವುದಿಲ್ಲ. ಸದ್ದು ಒಂದು ಮಟ್ಟಕ್ಕಿಂತ ಇಳಿದಾಗ ಸ್ವರವನ್ನು ತಡೆಯುವ ನಾಯ್ಸ್ ಗೇಟ್ ಹಾಕಿ ಇದನ್ನು ಮುಚ್ಚಬಹುದು ಎನ್ನುವವರು, ಗೇಟು ಬೇಕಾದ ಬಾಲವನ್ನೂ ಬೇಡದ ಬಾಲವನ್ನೂ ಒಟ್ಟಿಗೇ ಕತ್ತರಿಸುತ್ತದೆ ಎಂಬುದನ್ನು ನೆನಪಿನಲ್ಲಿಡಬೇಕು.

ಸ್ವರವನ್ನು ತುಸು ತಡವಾಗಿ ಪ್ರತಿಧ್ವನಿಸುವ ಡಿಲೇ ವಿಷಯದಲ್ಲಂತೂ ನುಡಿಸಾಣಿಕೆಯನ್ನೂ ಎಫೆಕ್ಟನ್ನೂ ಬೇರ್ಪಡಿಸಲು ಸಾಧ್ಯವೇ ಇಲ್ಲ. ನಿಮಿಷಕ್ಕೆ 120 ಬಡಿತದ ಹಾಡಿನಲ್ಲಿ ಒಂದು ಬಡಿತಕ್ಕೆ 500 ಮಿಲಿಸೆಕೆಂಡ್, ಮುಕ್ಕಾಲು ಬಡಿತಕ್ಕೆ 375. ಮುಕ್ಕಾಲು ಬಡಿತದ ಪ್ರತಿಧ್ವನಿಯನ್ನು ಕೇಳುತ್ತಾ ಅದರ ಸಂದುಗಳಲ್ಲಿ ಸ್ವರ ಇಟ್ಟು ಹೆಣೆದ ನಡೆಯೊಂದನ್ನು ಆ ಡಿಲೇ ಇಲ್ಲದೆ ನುಡಿಸಲಾಗದು, ನುಡಿಸಿದ ಮೇಲೆ ಬೇರೆ ಡಿಲೇಗೆ ಬದಲಿಸಲೂ ಆಗದು. ಜೋರಾದ ಆಂಪಿನ ಮುಂದೆ ನಿಂತಾಗ ಸ್ಪೀಕರಿನ ಗಾಳಿಗೆ ತಂತಿಯೇ ಮರಳಿ ಕಂಪಿಸಿ ಹುಟ್ಟುವ ಆ ದೀರ್ಘ ಫೀಡ್‌ಬ್ಯಾಕ್ ಸ್ವರವೂ ಹೀಗೆಯೇ: ರೆಕಾರ್ಡ್ ಆಗುವಾಗ ಅದು ತಂತಿಯಲ್ಲಿ ಇಲ್ಲದಿದ್ದರೆ ಡ್ರೈ ಟ್ರ್ಯಾಕಿನಲ್ಲೂ ಇರುವುದಿಲ್ಲ. ಒರಟು ಡಿಸ್ಟಾರ್ಷನ್ ಕೊಡುವ ಹಳೆಯ ಮಾದರಿಯ ಫಝ್ ಪೆಡಲುಗಳ ಕತೆ ಇನ್ನೂ ಸೂಕ್ಷ್ಮ. ಅವು ಪಿಕಪ್ಪಿನ ಇಂಪಿಡೆನ್ಸ್‌ನೊಂದಿಗೆ ನೇರವಾಗಿ ವ್ಯವಹರಿಸುವುದರಿಂದ, ಗಿಟಾರಿನ ವಾಲ್ಯೂಮ್ ನಾಬನ್ನು ತುಸು ತಗ್ಗಿಸಿದಾಗ ಬರುವ ಹಗುರವಾದ ಸ್ವರ ರೀಆಂಪಿಂಗಿನಲ್ಲಿ ಹಾಗೆಯೇ ಬರುವುದಿಲ್ಲ.

ಆದ್ದರಿಂದ ಸರಿಯಾದ ಕ್ರಮವೆಂದರೆ, ಹಾಡಿಗೆ ಹತ್ತಿರವಾದ ನಾದವೊಂದನ್ನು ಪೆಡಲಿನಲ್ಲಿ ಮೊದಲೇ ಕಟ್ಟಿಕೊಂಡು, ಅದನ್ನೇ ಹೆಡ್‌ಫೋನಿನಲ್ಲಿ ಕೇಳುತ್ತಾ ನುಡಿಸಿ, ಡ್ರೈ ಮತ್ತು ಎಫೆಕ್ಟ್ ಸೇರಿದ್ದು ಎರಡನ್ನೂ ಒಟ್ಟಿಗೆ ರೆಕಾರ್ಡ್ ಮಾಡುವುದು. ಕೇಳುವ ಸ್ವರ ಪೆಡಲಿನಿಂದಲೇ ನೇರವಾಗಿ ಬರಬೇಕು. ಕಂಪ್ಯೂಟರಿಗೆ ಹೋಗಿ ಸುತ್ತಿ ಬಂದರೆ ತಡವಾಗುತ್ತದೆ, ಆ ತಡ 10 ಮಿಲಿಸೆಕೆಂಡ್ ದಾಟಿದಾಗ ಬಹಳಷ್ಟು ವಾದಕರಿಗೆ ಬೆರಳಿಗೂ ಕಿವಿಗೂ ನಡುವಿನ ಅಂತರ ತಿಳಿಯತೊಡಗುತ್ತದೆ. ಕೊನೆಗೆ ಆ ನಾದವನ್ನು ಪೂರ್ತಿ ಬದಲಿಸಿದರೂ ಚಿಂತೆಯಿಲ್ಲ. ನುಡಿಸುವಾಗ ಕೇಳಿದ ಗೇನ್ ಮತ್ತು ಕೊನೆಯಲ್ಲಿ ಇಡುವ ಗೇನ್ ಒಂದೇ ಜಾತಿಯವಾಗಿದ್ದರೆ ಸಾಕು.

ತಡದ ಮಾತು ಬಂದದ್ದರಿಂದ ಇದನ್ನೂ ಸೇರಿಸುತ್ತೇನೆ. ರೀಆಂಪ್ ಮಾಡಿದ ಟ್ರ್ಯಾಕು ಮೂಲಕ್ಕಿಂತ ಕೆಲವು ಮಿಲಿಸೆಕೆಂಡ್ ಹಿಂದೆ ಬೀಳುವುದು ಸಾಮಾನ್ಯ. ಅದನ್ನು ಒಂಟಿಯಾಗಿ ಬಳಸಿದರೆ ಅಷ್ಟು ತೋರದು. ಡ್ರೈ ಟ್ರ್ಯಾಕಿನೊಂದಿಗೆ ಬೆರೆಸಿದರೆ ಮಾತ್ರ, ಒಂದೇ ಒಂದು ಮಿಲಿಸೆಕೆಂಡಿನ ವ್ಯತ್ಯಾಸಕ್ಕೆ 500, 1500, 2500 ಹರ್ಟ್ಸ್‌ಗಳಲ್ಲಿ ಸ್ವರಗಳು ಒಂದನ್ನೊಂದು ಹೊಡೆದುಹಾಕಿ ಗಿಟಾರು ಕೊಳವೆಯೊಳಗಿಂದ ಬಂದಂತೆ ಟೊಳ್ಳಾಗುತ್ತದೆ. ಹಾಡು ಶುರುವಾಗುವ ಮೊದಲು ಡ್ರೈ ಟ್ರ್ಯಾಕಿನಲ್ಲಿ ಚಿಕ್ಕದೊಂದು ಟಿಕ್ ಸದ್ದನ್ನು ಸೇರಿಸಿಟ್ಟರೆ, ರೀಆಂಪ್ ಆದ ಮೇಲೆ ಎರಡೂ ಟ್ರ್ಯಾಕುಗಳ ಟಿಕ್ಕನ್ನು ಒಂದೇ ಗೆರೆಗೆ ತಂದು ನಿಲ್ಲಿಸಬಹುದು. 48 ಕಿಲೋಹರ್ಟ್ಸ್‌ನ ರೆಕಾರ್ಡಿಂಗಿನಲ್ಲಿ ಒಂದು ಮಿಲಿಸೆಕೆಂಡ್ ಎಂದರೆ 48 ಸ್ಯಾಂಪಲ್ (ಡಿಜಿಟಲ್ ರೆಕಾರ್ಡಿಂಗಿನ ಬಿಡಿ ಅಳತೆ).

ಒಂದೇ ಡ್ರೈ ಟ್ರ್ಯಾಕನ್ನು ಎರಡು ಪ್ರೀಸೆಟ್ಟುಗಳಲ್ಲಿ ಹಾಯಿಸಿ ಎಡಕ್ಕೊಂದು ಬಲಕ್ಕೊಂದು ಇಟ್ಟರೆ ಎರಡು ಗಿಟಾರುಗಳಾದವು ಎಂಬ ನಂಬಿಕೆಯೂ ವ್ಯಾಪಕವಾಗಿದೆ. ಬಣ್ಣ ಎರಡಾಗುತ್ತದೆ, ನುಡಿಸಾಣಿಕೆ ಒಂದೇ ಉಳಿಯುತ್ತದೆ. ಎರಡು ಸಲ ನುಡಿಸಿದಾಗ ಮೀಟಿನ ಹೊತ್ತಿನಲ್ಲೂ ಬಲದಲ್ಲೂ ಉಂಟಾಗುವ ಸಣ್ಣಪುಟ್ಟ ಹೊಂದಾಣಿಕೆಯಿಲ್ಲದಿರುವಿಕೆಯೇ ಆ ಅಗಲವನ್ನು ಕೊಡುವುದು. ಇದಕ್ಕೆ ಅಡ್ಡದಾರಿಯಿಲ್ಲ, ಮತ್ತೊಮ್ಮೆ ನುಡಿಸಬೇಕು.

ಮಿಕ್ಸಿಗಾಗಿ ಟ್ರ್ಯಾಕುಗಳನ್ನು ಬೇರೆಯವರಿಗೆ ಕಳಿಸುವ ಗಿಟಾರ್ ವಾದಕರಿಗೆ ತಮ್ಮ ಪತ್ರಿಕೆಯ ಮೂಲಕ ಒಂದು ವಿನಂತಿ. ಡ್ರೈ ಟ್ರ್ಯಾಕು ಮಾನೋ ಆಗಿರಲಿ, ಹಾಡಿನ ಮೊದಲ ಕ್ಷಣದಿಂದಲೇ ಶುರುವಾಗಲಿ, ಅದರ ಮೇಲೆ ಯಾವ ಪ್ಲಗಿನ್ನೂ ಉಳಿದಿರದಿರಲಿ. ನಾರ್ಮಲೈಸ್ ಮಾತ್ರ ಮಾಡಬೇಡಿ: ಮೆತ್ತಗೆ ನುಡಿಸಿದ ಟ್ರ್ಯಾಕನ್ನೂ ಜೋರಾಗಿ ನುಡಿಸಿದ್ದನ್ನೂ ಅದು ಒಂದೇ ಎತ್ತರಕ್ಕೆ ಎಳೆದುಬಿಡುವುದರಿಂದ, ಆಂಪಿಗೆ ಯಾವುದನ್ನು ಎಷ್ಟು ಕೊಡಬೇಕೆಂಬ ಸುಳಿವೇ ಅಳಿಸಿಹೋಗುತ್ತದೆ. ಎಫೆಕ್ಟ್ ಸೇರಿದ ಟ್ರ್ಯಾಕನ್ನೂ ಅದರೊಂದಿಗೆ ತಪ್ಪದೆ ಕಳಿಸಿ. ಅದು ಕೊನೆಯ ಮಿಕ್ಸಿನಲ್ಲಿ ಉಳಿಯಲಿ ಬಿಡಲಿ, ನುಡಿಸಿದವರ ಕಿವಿಯಲ್ಲಿ ಏನಿತ್ತು ಎಂಬುದಕ್ಕೆ ನಮಗೆ ಸಿಗುವ ಏಕೈಕ ಸಾಕ್ಷಿ ಅದು. ಪೆಡಲಿನ ಪ್ರೀಸೆಟ್ ಫೈಲನ್ನೂ ಸೇರಿಸಿ ಕಳಿಸುವವರು ಅಪರೂಪ. ಕಳಿಸಿದರೆ, ಅದೇ ಪೆಡಲು ಇರುವ ಕಡೆ ಅಲ್ಲಿಂದಲೇ ರೀಆಂಪಿಂಗ್ ಶುರುಮಾಡಬಹುದು.

ಇತಿ ತಮ್ಮ ವಿಶ್ವಾಸಿ,
ಒಬ್ಬ ಧ್ವನಿಮುದ್ರಣ ತಂತ್ರಜ್ಞ